ಹಳಿಗಳ ನಡುವಿನ ಗರಿಕೆ

ನಮ್ಮ ಮಾಜಿವಾಡಾ ಹೌಸಿಂಗ್ ಸೊಸೈಟಿಯ ರಮಾಮಣಿ ಅಮ್ಮನಿಗೆ ಅಂಗಡಿಯ ಗರಿಕೆ ಆಗುವುದಿಲ್ಲ. ಉಡುಪಿಯಿಂದ ಮದುವೆಯಾಗಿ ಬಂದಾಗಿನಿಂದ ಗಣಪತಿಗೆ ತಾವೇ ಕೊಯ್ದದ್ದು ಆಗಬೇಕು. ಬಿಲ್ಡರು ಲಾನಿನಲ್ಲಿ ತುಂಡು ಹಳಿ ಹಾಸಿ, ಹಳೆಯ ಟ್ರಾಮೊಂದನ್ನು ಶೋಕಿಗೆ ನಿಲ್ಲಿಸಿದ್ದಾನೆ. ಆ ಹಳಿಗಳ ನಡುವೆ ಕೂತು ಅವರು ಗರಿಕೆ ಕೊಯ್ಯುತ್ತಾರೆ. ಅಲ್ಲೇ ಯಾಕೆ ಎಂದು ನಾನು ಕೇಳಿದ್ದಕ್ಕೆ ಗದರಿದ್ದರು: "ಟ್ರಾಮ್ ಸತ್ತದ್ದು, ಹುಲ್ಲು ಬದುಕಿದ್ದು ಮಾರಾಯ್ತಿ. ಹೆದರ್ಲಿಕ್ಕೆ ಎಂತ ಉಂಟು?"

ಕಳೆದ ಸಂಕಷ್ಟಿಯ ಬೆಳಿಗ್ಗೆ ಅವರು ಗರಿಕೆ ಕೊಯ್ಯುತ್ತಿದ್ದಾಗ ನಾನೂ ಅಲ್ಲೇ ವಾಕಿಂಗ್ ಮಾಡುತ್ತಿದ್ದೆ. ಗಾಳಿಯೇ ಇರಲಿಲ್ಲ. ಆದರೂ ಟ್ರಾಮಿನ ಮುಂದಿನ ಹುಲ್ಲೆಲ್ಲ ಅವರ ಕಡೆಗೆ ಬಾಗುತ್ತ ಬಂತು. ಮೊದಲು ಡೊಂಬಿವಲಿಯಲ್ಲಿದ್ದಾಗ ವರ್ಷಗಟ್ಟಲೆ ಲೋಕಲ್ ರೈಲಿನ ಹಳಿ ದಾಟಿದ ಅವರ ಕಾಲುಗಳು ತಾವಾಗಿಯೇ ಪಕ್ಕಕ್ಕೆ ಸರಿದವು.

ಏನೂ ಬರಲಿಲ್ಲ. ಟ್ರಾಮ್ ಇದ್ದಲ್ಲೇ ಇತ್ತು. ಹುಲ್ಲು ಮೆಲ್ಲಗೆ ಎದ್ದು ನಿಂತಿತು. ಆದರೆ ಅವರು ಹಳಿಯ ಮೇಲೆ ಬಿಟ್ಟಿದ್ದ ಗರಿಕೆಯ ಬೆತ್ತದ ಬುಟ್ಟಿ ಚಪ್ಪಟೆಯಾಗಿತ್ತು. ದೂರದಲ್ಲಿ ನಿಂತಿದ್ದ ಟ್ರಾಮಿನ ತುಕ್ಕು ಹಿಡಿದ ಚಕ್ರಕ್ಕೆ ಹಸಿ ಗರಿಕೆ ಅಂಟಿತ್ತು.

ರಮಾಮಣಿ ಅಮ್ಮ ಅದನ್ನೇ ನೋಡುತ್ತ ನಿಂತರು. ಆಮೇಲೆ ನನ್ನತ್ತ ತಿರುಗದೆ ಹೇಳಿದರು: "ಅಂಗಡಿಯಿಂದ ಸ್ವಲ್ಪ ಗರಿಕೆ ತಂದು ಕೊಡು. ಎಂತದೂ ಕೇಳ್ಬೇಡ."