ತೀರ್ಥಹಳ್ಳಿಯಿಂದ ತಂದ ಪಟ

ಅರವತ್ತರ ದಶಕದ ಆ ಮಾಗಿಯಲ್ಲಿ ನಾನು ಸಾಗರ ಬಿಟ್ಟಾಗ ಬೆಳಿಗ್ಗೆ ಆರೂವರೆ. ಕೊರಳಲ್ಲಿ ಗೆಳೆಯನಿಂದ ಎರವಲು ತಂದ ವಿದೇಶಿ ಕ್ಯಾಮೆರಾ. ಬೆಳಕನ್ನು ತಾನೇ ಅಳೆದುಕೊಂಡು, ನಿಮಿಷದೊಳಗೆ ಪಟವನ್ನು ಕೈಗಿಡುವ ಯಂತ್ರ ಅದು. ಒಳಗೆ ಉಳಿದದ್ದು ಎರಡೇ ಹಾಳೆ.

ತೀರ್ಥಹಳ್ಳಿಯ ಅಕ್ಕನಿಗೆ ಮೂರನೆಯದೂ ಹೆಣ್ಣಾಗಿತ್ತು. ಅಮ್ಮ ಕಾಲು ಮುರಿದುಕೊಂಡು ಮಲಗಿದ್ದರಿಂದ ಬಾಣಂತನವೂ ಗಂಡನ ಮನೆಯಲ್ಲೇ. ಅಕ್ಕನ ಅತ್ತೆ ಮಗುವನ್ನು ಎತ್ತಿಕೊಳ್ಳುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಅಮ್ಮ ಊಟವನ್ನು ಅರ್ಧಕ್ಕೇ ಬಿಡುತ್ತಿದ್ದಳು.

"ಕೇಳಿದ್ರೆ ಅವಳು ಚೆನ್ನಾಗಿದೀನಿ ಅಂತಾಳೆ. ನೀನು ಪಟ ತಗಂಡು ಬಾ, ನಾನೇ ನೋಡ್ತೀನಿ" ಎಂದಿದ್ದಳು.

ಹೊಸನಗರದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಅವಲಕ್ಕಿ ಮೊಸರು ತಿಂದೆ. ಹೋಟೆಲಿನವರು, "ಎಂತದು ಸ್ವಾಮಿ ಅದು? ನಂದೂ ಒಂದು ಹೊಡೀರಿ" ಎಂದರು. ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ನಾಚಿಕೆಯಾಯಿತು, ಆದರೂ ಹಾಳೆ ಉಳಿಯಿತು.

ತೀರ್ಥಹಳ್ಳಿ ಮುಟ್ಟಿದಾಗ ಬಿಸಿಲೇರಿತ್ತು. ಅಕ್ಕ ಮಗುವನ್ನೆತ್ತಿಕೊಂಡು ಅಂಗಳದಲ್ಲಿ ನಿಂತಳು. ಹಿಂದೆ ಹೊಳೆಯುತ್ತಿದ್ದ ಸುಣ್ಣದ ಗೋಡೆಯ ಬೆಳಕನ್ನೇ ಕ್ಯಾಮೆರಾ ಅಳೆದುಬಿಟ್ಟಿತು. ಪಟದಲ್ಲಿ ತಾಯಿ ಮಗಳಿಬ್ಬರೂ ಇದ್ದಿಲಿನಂತೆ ಕಪ್ಪಾಗಿ ಬಂದರು. ಎರಡನೆಯದನ್ನು ಜಗಲಿಯ ನೆರಳಲ್ಲಿ ತೆಗೆದೆ. ಪಟಕ್ಕೆ ಅಂಟಿಕೊಂಡು ಬಂದ ಮೇಲಿನ ಕಾಗದ ಸುಲಿದಾಗ ಮಗುವಿನ ರೆಪ್ಪೆ ಕೂಡ ಕಾಣುತ್ತಿತ್ತು. ಪಟ ಇನ್ನೂ ಹಸಿಯಾಗಿತ್ತು, ಒಣಗಲೆಂದು ಅಲ್ಲೇ ಇಟ್ಟೆ.

ಅಷ್ಟು ಹೊತ್ತೂ ಬಾಗಿಲಲ್ಲಿ ಮುಖ ಬಿಗಿದುಕೊಂಡು ನಿಂತಿದ್ದ ಅತ್ತೆ ಒಳಗಿನಿಂದ ಕಾಡಿಗೆ ತಂದು ಪಟದ ಮಗುವಿನ ಕೆನ್ನೆಗೆ ಒತ್ತಿಯೇಬಿಟ್ಟರು.

"ಅಯ್ಯೋ, ಎಂತ ಮಾಡಿದ್ರಿ!" ಎಂದು ಕೂಗಿದೆ.

"ಮಗೀಗೆ ಇಟ್ಟ ಬೊಟ್ಟು ಆಚೆ ಕೆನ್ನೇಲಿತ್ತು, ಇದ್ರಲ್ಲಿ ಕಾಣ್ತಿಲ್ಲ. ಬಸ್ಸಲ್ಲಿ ಯಾರ್ಯಾರ ಕಣ್ಣು ಬೀಳ್ತದೋ!" ಎಂದರು ಅತ್ತೆ.

ಕಾಡಿಗೆ ಹಸಿಯ ಮೇಲೆ ಹರಡಿ ಅರ್ಧ ಮುಖವನ್ನೇ ನುಂಗಿತು. ನನಗೆ ಮೈಯೆಲ್ಲ ಉರಿಯಿತು. ಮರುದಿನ ವಾಪಸು ಬರುವ ದಾರಿಯುದ್ದಕ್ಕೂ ಆ ಮುದುಕಿಯನ್ನು ಮನಸ್ಸಿನಲ್ಲೇ ಬೈಯುತ್ತ ಬಂದೆ. ಹೊಸನಗರದಲ್ಲಿ ಬಸ್ಸಿನಿಂದ ಇಳಿಯಲೂ ಇಲ್ಲ.

ಸಾಗರದಲ್ಲಿ ಅಮ್ಮ ಪಟವನ್ನು ಕಿಟಕಿಗೆ ಹಿಡಿದು ನೋಡಿದಳು. ಕರಿ ಕಲೆಯ ನಡುವೆ ಬೆರಳಿನ ಗೆರೆಗಳು ಉಳಿದಿದ್ದವು.

"ಇದನ್ನ ಯಾರು ಇಟ್ಟಿದ್ದು?"

"ಇನ್ಯಾರು, ಆ ಅತ್ತೆ! ಪಟಕ್ಕೂ ದೃಷ್ಟಿಯಾಗ್ತದಂತೆ. ಚೆನ್ನಾಗಿ ಬಂದಿದ್ದ ಒಂದೇ ಪಟ ಹಾಳು ಮಾಡಿದ್ರು."

"ಅವರೇನಾ? ತಾವಾಗೇ ಇಟ್ರಾ?"

"ಹೌದಮ್ಮ."

ಅಮ್ಮ ಆ ಬೆರಳಿನ ಗುರುತಿನ ಮೇಲೆ ತನ್ನ ಬೆರಳಿಟ್ಟಳು. ಕಣ್ಣು ತುಂಬಿತ್ತು. ಆಮೇಲೆ, "ಹಸಿವಾಗ್ತಿದೆ ಕಣೋ" ಎಂದಳು. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡಳು.