ಹೇರು ಕಟ್ಟುವ ಮಾರೆಪ್ಪ ಮಾಮ

ಮಾರೆಪ್ಪ ಮಾಮ ಚಹಾ ಕುಡಿಯುವುದನ್ನು ನೋಡಿದರೆ ನೋಡಿದವರಿಗೆ ತಲೆ ತಿರುಗುತ್ತಿತ್ತು. ಒಂದು ಕೈಯಲ್ಲಿ ಕಪ್ಪು ಹಿಡಿದು, ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಸುತ್ತ ಸುತ್ತುತ್ತಲೇ ಕುಡಿಯುತ್ತಿದ್ದ. ಒಂದು ಗುಟುಕು, ಹಿಂದಿನ ಗಾಲಿಗೆ ಒಂದು ಏಟು. ಇನ್ನೊಂದು ಗುಟುಕು, ಚೈನಿಗೆ ಒಂದು ಜಗ್ಗು. ಅಂಗಡಿಯಲ್ಲಿ ಎರಡು ಸ್ಟೂಲುಗಳಿದ್ದವು, ಎರಡೂ ಗಿರಾಕಿಗಳಿಗೆ. "ಕುಂತ್ರ ಮೈ ಕಡಿತದ ಯವ್ವಾ" ಎನ್ನುತ್ತಿದ್ದ. ನನಗೂ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಪಾಠ ಮಾಡುವಾಗ ಕೊನೆಯ ಬೆಂಚಿನ ತನಕ ಓಡಾಡುತ್ತಲೇ ಇರುತ್ತೇನೆ. ಹೆಡ್‌ ಮಾಸ್ತರರು ಅದನ್ನು ಶಿಸ್ತು ಎಂದುಕೊಂಡಿದ್ದಾರೆ. ನಾವಿಬ್ಬರೂ ಆ ಚಿಕ್ಕ ಅಂಗಡಿಯಲ್ಲಿ ಮಾತಿಗೆ ನಿಂತರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದೆವು.

ಅಂಗಡಿ ರಾಯಚೂರಿನ ಸ್ಟೇಷನ್ ಕಡೆಯ ಒಂದು ಸಂದಿಯಲ್ಲಿ. ಮಾಮನ ಊರೂ ನನ್ನ ಊರೂ ದೇವದುರ್ಗ, ಓಣಿಯೂ ಒಂದೇ. ನಮ್ಮ ಮನೆಯವರು ನನ್ನನ್ನು ಶಾಲೆಗೆ ಅಟ್ಟಿದರು, ನಾನು ರಾಯಚೂರಿನಲ್ಲಿ ಟೀಚರಾದೆ. ಮಾಮನನ್ನು ಅವನ ಮನೆಯವರು ಹೈದರಾಬಾದಿನ ಬಸ್ಸಿಗೆ ಹತ್ತಿಸಿದರು, ಅವನು ಕಟ್ಟಡದ ಕೆಲಸಕ್ಕೆ ಕಬ್ಬಿಣ ಬಗ್ಗಿಸುವವನಾದ. ಕೊರೊನಾದ ವರ್ಷ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಬಗ್ಗಿಸುವುದು ಗೊತ್ತಿತ್ತು, ಬೆಸೆಯುವುದನ್ನು ಕಲಿತ, ಸೈಕಲ್ ಅಂಗಡಿ ಹಾಕಿದ.

ಪಂಕ್ಚರ್ ತಿದ್ದುವುದು ಅವನಿಗೆ ಹೊಟ್ಟೆಪಾಡು. ಅವನ ಮನಸ್ಸಿದ್ದದ್ದು ಹೇರಿನ ಸೈಕಲ್ಲಿನಲ್ಲಿ. ಊರೂರು ತಿರುಗಿ ಪಾತ್ರೆ ಮಾರುವವರು, ಚಾಕು ಸಾಣೆ ಹಿಡಿಯುವವರು, ಮಟಮಾರಿ ಕಡೆಯಿಂದ ಕೌದಿ ಹೊತ್ತು ತರುವವರು ಅವನಲ್ಲಿಗೆ ಬರುತ್ತಿದ್ದರು. ಆಮೇಲೆ ದೂರದ ಊರುಗಳಿಗೆ ಸೈಕಲ್ ಮೇಲೆ ಹೋಗುವ ಹುಚ್ಚು ಹತ್ತಿದ ಒಂದಿಬ್ಬರು ಹುಡುಗರೂ ಬಂದರು. ಹಳೆಯ ಗಟ್ಟಿ ಸೈಕಲ್ಲನ್ನು ಮಾಮ ಪೂರ್ತಿ ಬಿಚ್ಚುತ್ತಿದ್ದ. ಹಿಂದಿನ ಗಾಲಿಗೆ ಹೆಚ್ಚು ಕಡ್ಡಿಗಳ ರಿಮ್ಮು, ಅಗಲ ಟೈರು. ಪೆಡಲಿನ ಹತ್ತಿರದ ಹಲ್ಲುಚಕ್ರ ಸಣ್ಣದು, ಏರು ಬಂದರೆ ಕಾಲು ಸೋಲಬಾರದೆಂದು. ಅಡುಗೆ ಎಣ್ಣೆಯ ದೊಡ್ಡ ಕ್ಯಾನುಗಳ ಬಾಯಿ ಕೊಯ್ದು, ಮೇಲೆ ಟಾರ್ಪಾಲಿನ ಮುಚ್ಚಳ ಹೊಲಿದು, ಮಳೆಗೆ ಜಗ್ಗದ ಪೆಟ್ಟಿಗೆ ಮಾಡುತ್ತಿದ್ದ. ಎರಡು ಹಿಂದಿನ ಗಾಲಿಯ ಆಚೀಚೆ, ಎರಡು ಮುಂದಿನ ಗಾಲಿಯ ಆಚೀಚೆ. ಮುಂದಿನವು ನೆಲಕ್ಕೆ ತಾಗುವವೇನೋ ಅನ್ನುವಷ್ಟು ಕೆಳಗೆ ಇರಬೇಕು. ಹಿಂದಿನವು ಇಷ್ಟು ಹಿಂದೆ ಇರಬೇಕೆಂದರೆ, ತುಳಿಯುವವರ ಹಿಮ್ಮಡಿ ಒಮ್ಮೆಯೂ ಬಡಿಯಬಾರದು.

ಎಲ್ಲ ಕಟ್ಟಿದ ಮೇಲೆ ಸೈಕಲ್ಲನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸುತ್ತಿದ್ದ. ಎಲ್ಲಾದರೂ ಲಟಲಟ ಅಂದರೆ ಮತ್ತೆ ಬಿಚ್ಚುತ್ತಿದ್ದ. "ಹೇರು ಮಾತಾಡಬಾರ್ದು. ಮಾತಾಡೋ ಹೇರು ಸವೀತದ, ಸವದದ್ದು ಮುರೀತದ."

ಈ ಹಟ ಎಲ್ಲಿಂದ ಬಂತೆಂಬುದು ಅಂಗಡಿಯ ಒಳಗೆ ಕೂತಿರುತ್ತಿದ್ದ ಅವನ ಹೆಂಡತಿ ದುರುಗಮ್ಮತ್ತೆಯನ್ನು ನೋಡಿದರೆ ತಿಳಿಯುತ್ತಿತ್ತು. ಅತ್ತೆಯ ಬಲಗೈ ಮೊಣಕೈಯಲ್ಲಿ ನೆಟ್ಟಗಾಗುವುದಿಲ್ಲ. ಕೊರೊನಾ ವರ್ಷ ಬಸ್ಸಿಲ್ಲ, ರೈಲಿಲ್ಲ ಎಂದಾಗ ಮಾಮ ಹೈದರಾಬಾದಿನಲ್ಲಿ ಒಂದು ಹಳೆಯ ಸೈಕಲ್ ಹುಡುಕಿ, ಗ್ಯಾಸ್ ಒಲೆ, ಪಾತ್ರೆ, ಬಟ್ಟೆಗಂಟು ಎಲ್ಲವನ್ನೂ ಹಿಂದಿನ ಕ್ಯಾರಿಯರಿಗೆ ಬಿಗಿದು, ಅದರ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಇನ್ನೇನು ಮಕ್ತಲ್ ಬಂತು ಅನ್ನುವಾಗ ಒಂದು ಇಳಿಜಾರು. ಭಾರವೆಲ್ಲ ಹಿಂದೆ, ಮುಂದಿನ ಗಾಲಿಗೆ ನೆಲದ ಹಿಡಿತವೇ ಇಲ್ಲ. ಹ್ಯಾಂಡಲ್ ಗಡಗಡ ನಡುಗಿತು. ಅತ್ತೆ ಕಾಲುವೆಯ ಸೇತುವೆ ಕಟ್ಟೆಗೆ ಹೋಗಿ ಬಿದ್ದಳು. ಆ ದಿನಗಳಲ್ಲಿ ಮುರಿದ ಕೈ ಕಟ್ಟುವವರು ಸಿಕ್ಕದ್ದು ಮೂರನೆಯ ದಿನ.

ಅಂಗಡಿಯ ಗೋಡೆಗೆ ಒಂದು ಉದ್ದನೆಯ ಸೈಕಲ್ ಒರಗಿರುತ್ತಿತ್ತು. ಮಾಮ ಎರಡು ಫ್ರೇಮು ಕೊಯ್ದು ಒಂದು ಮಾಡಿದ್ದ. ಹಿಂದೆ ಬೆನ್ನಾನಿಕೆಯಿರುವ ಸೀಟು, ಕಾಲಿಡಲು ಎರಡು ಹಲಗೆ, ಹಿಡಿಯಲು ಎಡಗೈಯ ಕಡೆಗಷ್ಟೇ ಒಂದು ಕೊಳವೆ. ಯಾರಿಗೆಂದು ಯಾರೂ ಕೇಳಬೇಕಾಗಿರಲಿಲ್ಲ. ಮಾಮನಿಗಿದ್ದ ಆಸೆ ಒಂದೇ: ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಆ ಇಳಿಜಾರನ್ನು ಬೀಳದೆ ದಾಟಬೇಕು, ದಾಟಿ ಕಾಲು ಕರೆದತ್ತ ಹೋಗಬೇಕು. ಅತ್ತೆ ಮಾತ್ರ ಆ ಸೀಟಿನ ಧೂಳು ಒರೆಸುತ್ತಿದ್ದಳೇ ಹೊರತು ಒಂದು ದಿನ ಹತ್ತಿ ಕೂತವಳಲ್ಲ. ಗಾಲಿ ನೇರ ಮಾಡುವ ಕೆಲಸದಲ್ಲಿ ಅವಳ ಕಿವಿಯ ಮುಂದೆ ಮಾಮನೂ ಸೊನ್ನೆ. ಎಡಗೈ ಬೆರಳಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, "ಇದು ಸಡ್ಲ ಅದ, ಅರ್ಧ ಸುತ್ತು ಬಿಗಿ" ಎನ್ನುವಳು. ಬೇರೆಯವರ ಗಾಲಿ ಎಂದರೆ ಅಷ್ಟು ಕಾಳಜಿ. ತಾನು ಕೂರುವ ಮಾತು ಬಂದರೆ, "ನಂಗಿರೋದು ಒಂದ ಕೈ" ಎಂದು ಮುಗಿಸಿಬಿಡುವಳು.

ನನಗೆ ನಾಗಪುರಕ್ಕೆ ಹೋಗುವುದಿತ್ತು. ನಮ್ಮ ಓಣಿಯವರು ದಸರೆಗೆ ಅಲ್ಲಿಯ ಬೌದ್ಧ ದೀಕ್ಷಾಭೂಮಿಗೆ ರೈಲಿನಲ್ಲಿ ಹೋಗುತ್ತಾರೆ. ನಾನು ಸೈಕಲ್ ಮೇಲೆ ಹೋಗುತ್ತೇನೆಂದು ಊರಿನಲ್ಲಿ ನಮ್ಮವ್ವನ ಮುಂದೆ ಹೇಳಿ ಬೈಸಿಕೊಂಡು, ಸೀದಾ ಮಾಮನ ಅಂಗಡಿಗೆ ಬಂದೆ. ದಸರಾ ರಜೆ ಸಾಕಾಗುತ್ತಿತ್ತು. ಮಾಮ ಕಪ್ಪು ಕೆಳಗಿಟ್ಟ. ನನ್ನನ್ನು ಬಿಟ್ಟು ಅತ್ತೆಯನ್ನೇ ನೋಡಿದ.

ಅತ್ತೆ ಗಾಲಿಯಿಂದ ತಲೆ ಎತ್ತದೆ ಹೇಳಿದಳು, "ನಾಗಪುರ ಅಂದ್ರ ಆ ಇಳಿಜಾರ ದಾಟೇ ಹೋಗಬೇಕು. ಈಕಿ ಇಷ್ಟೂ ಹೇರು ಹೊತ್ತು ಬೀಳದಂಗ ಮುಟ್ಟಿದ್ರ ನಾ ಕುಂದರ್ತೀನಿ. ಇಲ್ಲಂದ್ರ ಆ ಉದ್ದನ ಸೈಕಲ್ ಗುಜರಿಗಿ ಹಾಕ್ರಿ."

ಅಂದಿನಿಂದ ಮಾಮನಿಗೆ ನಿದ್ದೆ ಬಂತೋ ಇಲ್ಲವೋ ಗೊತ್ತಿಲ್ಲ. ನಾನು ಶಾಲೆ ಮುಗಿಸಿ ಹೋದಾಗಲೆಲ್ಲ ನನ್ನ ಸೈಕಲ್ಲಿನ ಒಂದು ಭಾಗ ಬಿಚ್ಚಿರುತ್ತಿತ್ತು. ನಿನ್ನೆ ಸರಿ ಎಂದದ್ದು ಇಂದು ಸರಿಯಿಲ್ಲ. ಸೀಟನ್ನು ಒಂದು ಬೆರಳು ಹಿಂದೆ ಸರಿಸುವನು, ಮರುದಿನ ಮುಂದೆ. ನನಗೋ ತಾಳ್ಮೆ ಎಂಬುದು ಹುಟ್ಟಿನಿಂದಲೇ ಬಂದಿಲ್ಲ. ಸಾಮಾನು ತರಲು ಹೇಳಿದ ದಿನ ಮೂರು ಚೀಲ ತುಂಬಿಕೊಂಡು ಹೋದೆ. ಮಾಮ ಎಲ್ಲವನ್ನೂ ಗೋಣಿಚೀಲದ ಮೇಲೆ ಸುರುವಿ ಒಂದೊಂದನ್ನೇ ಎತ್ತಿ ಕೇಳಿದ.

"ಇದು ಯಾರಿಗಿ?"

"ಉಪ್ಪಿನಕಾಯಿ ಮಾಮ, ನನಗ."

"ದಾರಿಯಾಗ ಉಪ್ಪಿನಕಾಯಿ ಸಿಗಂಗಿಲ್ಲೇನು? ಈ ಎರಡನೇ ಬ್ಯಾಟರಿ ಯಾರಿಗಿ? ಇಸ್ತ್ರಿ ಪೆಟ್ಟಿಗಿ ಯಾರಿಗಿ ಟೀಚರವ್ವಾ, ರಸ್ತಾಕ್ಕೇನು?"

ಮೂರು ಚೀಲ ಒಂದಾಯಿತು. ದೀಕ್ಷಾಭೂಮಿಯಲ್ಲಿ ಉಡಲೆಂದು ತಂದಿದ್ದ ಬಿಳಿ ಸೀರೆ ಕೈಗೆ ಬಂದಾಗ ಮಾತ್ರ ಏನೂ ಕೇಳಲಿಲ್ಲ. ಅಂಗೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ, ಪೆಟ್ಟಿಗೆಯ ತಳದಲ್ಲಿಟ್ಟ.

ಮಾಮನ ಕಟ್ಟಳೆಯೊಂದಿತ್ತು. ಯಾವ ಸೈಕಲ್ಲನ್ನೂ ಪರೀಕ್ಷೆ ಮಾಡದೆ ದೂರಕ್ಕೆ ಬಿಡುತ್ತಿರಲಿಲ್ಲ. ನಾಲ್ಕು ಪೆಟ್ಟಿಗೆಗೂ ನೀರು ತುಂಬಿದ ಕ್ಯಾನುಗಳನ್ನಿಟ್ಟು, ಮಾನ್ವಿಗೆ ಹೋಗಿ, ಚೀಕಲಪರ್ವಿಯ ಹೊಳೆ ದಂಡೆ ಮುಟ್ಟಿ, ಮರುದಿನ ಅಷ್ಟೇ ನೀರನ್ನು ವಾಪಸು ತರಬೇಕು. ಶನಿವಾರ ಶಾಲೆ ಮುಗಿಸಿ ಹೊರಟೆ. ಎದುರುಗಾಳಿ, ಬಿಸಿಲು, ಮೇಲೆ ನನ್ನ ಅವಸರ. ಅರ್ಧ ದಾರಿಗೆ ತೊಡೆ ಸೋತವು. ನೀರು ಹೊತ್ತು ನೀರಿನ ಕಡೆಗೆ ಹೋಗುವುದು ಎಂಥ ಮೂರ್ಖತನ ಎಂದು ಬೈದುಕೊಂಡು, ಒಂದು ಬೇವಿನ ಗಿಡದ ಬುಡಕ್ಕೆ ನಾಲ್ಕೂ ಕ್ಯಾನು ಬಗ್ಗಿಸಿದೆ. ಮಾನ್ವಿಯಲ್ಲಿ ಗೆಳತಿಯ ಮನೆಯಲ್ಲಿ ಮಲಗಿ, ಬೆಳಿಗ್ಗೆ ಚೀಕಲಪರ್ವಿಗೆ ಹಾರಿಕೊಂಡು ಹೋಗಿ ಬಂದೆ. ರಾಯಚೂರು ಕಣ್ಣಿಗೆ ಬಿದ್ದ ಮೇಲೆ ಭತ್ತದ ಗದ್ದೆಯ ಕಾಲುವೆಯಲ್ಲಿ ಕ್ಯಾನು ತುಂಬಿಸಿಕೊಂಡು, ಬೆವರೊರೆಸುತ್ತ ಅಂಗಡಿ ಮುಂದೆ ಇಳಿದೆ.

ಮಾಮನ ಮುಖ ಅರಳಿತ್ತು. ಗಾಲಿ ತಿರುಗಿಸಿ ನೋಡಿದ, ಅಲ್ಲಾಡಿಸಿ ನೋಡಿದ, ಒಂದು ಕಡ್ಡಿಯೂ ಸಡಿಲವಾಗಿರಲಿಲ್ಲ. "ನೋಡಿದೇನು ದುರುಗಿ?" ಎಂದ. ಆಮೇಲೆ ಪಂಕ್ಚರ್ ನೋಡುವ ಬೋಗುಣಿಗೆ ನೀರು ಬೇಕೆಂದು ಒಂದು ಕ್ಯಾನಿನ ಮುಚ್ಚಳ ತೆಗೆದು ಸುರುವಿದ. ಬೋಗುಣಿಗೆ ಬಿದ್ದದ್ದು ರಾಡಿ ನೀರು.

"ಟೀಚರವ್ವಾ, ನಮ್ಮ ನಳದ ನೀರಿಗಿ ಈ ಬಣ್ಣ ಯಾವಾಗ ಬಂತು?"

ನಾನು ನಕ್ಕೆ. ಅವನು ನಗಲಿಲ್ಲ. ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಸ್ಟೇಷನ್ ಕಡೆಗೆ ನಡೆದುಹೋದ. ಅತ್ತೆ ಮಾತ್ರ ಕೂತಲ್ಲೇ ಇದ್ದಳು.

"ಆತು ಬಿಡು" ಎಂದಳು. "ಅವರೂ ಅವತ್ತ ಹಿಂಗ ಹೇಳಿದ್ರು. ಗಟ್ಟಿ ಅದ, ಏನಾಗಂಗಿಲ್ಲ, ಕುಂದ್ರು ಅಂತ. ನೀನೂ ಹಂಗ ಹೇಳಾಕ ಬಂದಿ. ನಾ ಕುಂದ್ರಂಗಿಲ್ಲವ್ವ."

ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ನಾನು ಚೆಲ್ಲಿದ್ದು ನೀರು ಎಂದುಕೊಂಡಿದ್ದೆ. ಆ ಮನುಷ್ಯ ಇಷ್ಟು ವರ್ಷ ಕಾದದ್ದನ್ನು ಗಿಡದ ಬುಡಕ್ಕೆ ಸುರುವಿ ಬಂದಿದ್ದೆ. ನನ್ನ ಕೋಣೆಗೆ ಹೋಗಿ ಊಟಕ್ಕೆ ಕೂತರೂ ಕೂರಲಾಗಲಿಲ್ಲ. ಮರುದಿನ ಶಾಲೆಗೆ ಹೋಗುವ ಮುಂಚೆಯೇ ಅಂಗಡಿಗೆ ಹೋಗಿ, "ಅತ್ತಿ, ಇನ್ನೊಮ್ಮಿ ಕಳಸು" ಎಂದೆ. ಅತ್ತೆ ನಾಲ್ಕು ಚೀಲಕ್ಕೆ ಉಸುಕು ತುಂಬಿಸಿ, ಎಡಗೈಯಲ್ಲಿ ದಬ್ಬಣ ಹಿಡಿದು ಬಾಯಿ ಹೊಲಿದುಬಿಟ್ಟಳು. ಹೊಲಿಗೆ ಬಿಚ್ಚಿದರೆ ಮತ್ತೆ ಹಾಗೆಯೇ ಹೊಲಿಯಲು ಯಾರಪ್ಪನಿಂದಲೂ ಆಗುತ್ತಿರಲಿಲ್ಲ.

ಮುಂದಿನ ಶನಿವಾರ ಹೊರಟೆ, ಈ ಸಲ ದಾರಿ ದೇವದುರ್ಗದ್ದು. ಊರು ಇನ್ನು ಮೂರು ಮೈಲಿ ಇದೆ ಅನ್ನುವಾಗ ಒಂದು ತಗ್ಗಿಗೆ ಇಳಿದು ಮುಂದಿನ ಎಡಗಡೆಯ ಪೆಟ್ಟಿಗೆ ಹೊತ್ತಿದ್ದ ಕಬ್ಬಿಣ ಬೆಸುಗೆ ಬಿಟ್ಟು ಮುರಿಯಿತು. ತಂತಿ ಸುತ್ತಿ, ಮನೆ ಮುಟ್ಟಿ, ನಮ್ಮವ್ವನಿಂದ ಇನ್ನೊಂದು ಸುತ್ತು ಬೈಸಿಕೊಂಡು, ಮರುದಿನ ಅದನ್ನೇ ಹೊತ್ತು ವಾಪಸಾದೆ. ಮುರಿದದ್ದನ್ನು ನೋಡಿ ಮಾಮನಿಗೆ ಆದ ಖುಷಿ ಹೇಳತೀರದು. "ಮೊದಲ ಸಲ ನೀ ಖರೇ ಹೇರು ಹೊತ್ತಿದ್ರ ಇದು ಅವಾಗ ಮುರೀತಿತ್ತು. ನಾಗಪುರದ ದಾರಿಯಾಗ ಮುರದಿದ್ರ?" ಎನ್ನುತ್ತ ಆಗಲೇ ಬಿಚ್ಚತೊಡಗಿದ. ಬೆಸುಗೆಯ ಜಾಗದಲ್ಲಿ ದಪ್ಪ ಕೊಳವೆ ಬಂತು, ಎರಡು ಬೋಲ್ಟು ಬಂದವು. ಅತ್ತೆ ತಾನೇ ಎದ್ದು ಬಂದು ಎರಡೂ ಗಾಲಿ ಮೀಟಿ ನೋಡಿದಳು.

ಹೊರಟ ಬೆಳಿಗ್ಗೆ ಮಾಮ ಕೃಷ್ಣೆಯ ಸೇತುವೆಯವರೆಗೆ ಇನ್ನೊಂದು ಸೈಕಲ್ಲಿನಲ್ಲಿ ಬಂದ. ದಾರಿಯುದ್ದಕ್ಕೂ ಒಮ್ಮೆ ನನ್ನ ಮುಂದೆ, ಒಮ್ಮೆ ಹಿಂದೆ, ಕಿವಿ ಮಾತ್ರ ನನ್ನ ಸೈಕಲ್ಲಿನ ಕಡೆ. ಸೇತುವೆಯ ಮೇಲೆ ನಿಂತು, "ಇಳಿಜಾರದಾಗ ಮುಂದಿನ ಬ್ರೇಕ್ ಒಂದ ಹಿಡಿಬ್ಯಾಡ. ಎರಡೂ ಹಿಡಿ, ಮೆಲ್ಲಕ ಹಿಡಿ" ಎಂದ. ಅದನ್ನೇ ನಾಲ್ಕು ಸಲ ಹೇಳಿದ. ನಾನು ಆ ಮೇಲೆ ಅವನನ್ನು ಕಂಡಿಲ್ಲ.

ಮಕ್ತಲ್ ದಾಟಿದ ಮೇಲೆ ಆ ಕಾಲುವೆ ಸಿಕ್ಕಿತು. ನನಗದು ಏರುದಾರಿ. ಸಣ್ಣ ಹಲ್ಲುಚಕ್ರಕ್ಕೆ ಕೈಮುಗಿಯುತ್ತ ತುಳಿದೆ, ಕಟ್ಟೆಯ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಹೈದರಾಬಾದ್ ದಾಟಿ, ಎಷ್ಟೋ ದಿನದ ಮೇಲೆ ನಿರ್ಮಲ್ ಆಚೆಯ ಘಟ್ಟ ಇಳಿದೆ. ಇಳಿದು ಚಹಾಕ್ಕೆ ನಿಂತಾಗ ನೋಡುತ್ತೇನೆ, ಹಿಂದಿನ ಗಾಲಿಯ ಎಡಗಡೆ ಒಂದು ಕಡ್ಡಿ ತುಂಡಾಗಿ ನೇತಾಡುತ್ತಿದೆ. ಎಲ್ಲಿ ಮುರಿಯಿತೋ ನನಗೇ ಗೊತ್ತಾಗಿರಲಿಲ್ಲ. ಮಾಮ ಫ್ರೇಮಿಗೆ ಸುತ್ತಿಟ್ಟಿದ್ದ ಬಿಡಿ ಕಡ್ಡಿ ಬಿಚ್ಚಿ ಹಾಕಿದೆ. ಆ ಸಂಜೆ ಫೋನಿನಲ್ಲಿ ಮಾಮನಿಗೆ ಅದನ್ನು ಹೇಳಲಿಲ್ಲ.

ನಾಗಪುರ ಮುಟ್ಟಿ, ಬಿಳಿ ಸೀರೆ ಉಟ್ಟು, ಆ ಜನಸಾಗರದಲ್ಲಿ ನಿಂತು ಫೋನ್ ಮಾಡಿದಾಗ ಎತ್ತಿಕೊಂಡವಳು ಅತ್ತೆ. ಮುಟ್ಟಿದೆ ಎಂದೆ.

"ಏನೂ ಮುರಿಲಿಲ್ಲೇನು?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಾಮ ಅಲ್ಲೇ ಅವಳ ಪಕ್ಕದಲ್ಲಿ ಸುತ್ತುತ್ತಿರುತ್ತಾನೆಂದು ಗೊತ್ತಿತ್ತು.

"ಮುರೀತು ಅತ್ತಿ. ಹಿಂದಿನ ಗಾಲಿ ಕಡ್ಡಿ ಒಂದು. ಘಟ್ಟ ಇಳಿಯೋ ಮುಂದ."

"ಇಳಿಜಾರದಾಗ?"

"ಹೌದು."

"ಬಿದ್ದೇನು?"

"ಇಲ್ಲ. ಮುರದದ್ದೂ ಗೊತ್ತಾಗಲಿಲ್ಲ. ಕೆಳಗ ಬಂದ ಮ್ಯಾಲ ನೋಡಿದೆ."

ಅತ್ತೆ ಫೋನ್ ಇಟ್ಟಳು.

ಸೈಕಲ್ಲನ್ನು ರೈಲಿಗೆ ಹಾಕಿಸಿ ರಾಯಚೂರಿಗೆ ಬಂದು, ಸ್ಟೇಷನ್ನಿನಿಂದ ಸೀದಾ ಅಂಗಡಿಗೆ ತಳ್ಳಿಕೊಂಡು ಹೋದೆ. ಬೀಗ. ಪಕ್ಕದ ಚಹಾದಂಗಡಿಯವರು, "ನಿನ್ನಿ ನಸುಕಿನ್ಯಾಗ ಹೋದ್ರಲ್ರೀ, ಉದ್ದನ ಸೈಕಲ್ ಮ್ಯಾಲ, ಹೈದರಾಬಾದ್ ರಸ್ತಾ ಹಿಡದು" ಎಂದರು. ನನಗೆ ಸಿಟ್ಟು ಬಂತು. ಒಂದು ದಿನ ತಡೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆದರೆ ಅತ್ತೆ ಮನಸ್ಸು ಬದಲಿಸುವ ಮುಂಚೆ ಹೊರಡುವುದು ಬಿಟ್ಟು ಮಾಮ ಇನ್ನೇನು ಮಾಡುತ್ತಾನೆ? ಇದನ್ನು ಬರೆಯುವ ಹೊತ್ತಿಗೂ ಆ ಬೀಗ ತೆಗೆದಿಲ್ಲ. ಫೋನ್ ಮಾಡಿದರೆ ಒಮ್ಮೆ ಒಂದು ಊರಿನ ಹೆಸರು ಹೇಳುತ್ತಾರೆ, ಮುಂದಿನ ವಾರ ಇನ್ನೊಂದು. ಮಾಮ ಫೋನಿಗೆ ಸಿಗುವುದು ಅಪರೂಪ. ನಿಂತ ಊರಿನಲ್ಲೂ ಅವನು ಸುತ್ತಲು ಹೋಗಿರುತ್ತಾನೆ.

ಆ ಜಾಗದ ಸುದ್ದಿ ಅತ್ತೆಯೇ ಹೇಳಿದ್ದು. ಹೋಗುವಾಗ ಅದು ಏರುದಾರಿಯಲ್ಲವೇ? ಮಾಮ ಹತ್ತಿ, ಮೇಲೆ ಹೋಗಿ, ಸೈಕಲ್ ತಿರುಗಿಸಿ, ಇಳಿದೇ ತೀರಬೇಕೆಂದು ಹಟ ಹಿಡಿದನಂತೆ.

"ನಾ ಕಣ್ಣ ಮುಚ್ಚಲಿಲ್ಲ ನೋಡವ್ವ. ಕಾಲುವಿ ಕಟ್ಟಿ ಬರೋ ಮುಂದ ಇವರ ಬೆನ್ನು ಗಡಗಡ ಅಲ್ಲಾಡಾಕತ್ತು. ಹ್ಯಾಂಡಲ್ ನಡುಗಾಕತ್ತದೇನ್ರಿ ಅಂತ ಕೇಳಿದೆ. ಇಲ್ಲ, ಹ್ಯಾಂಡಲ್ ನೆಟ್ಟಗದ ಅಂದ್ರು."

"ಮತ್ತ?"

"ಅಳಾಕತ್ತಿದ್ರು."

"ಸೈಕಲ್ ನಿಲ್ಲಿಸಿದ್ರೇನು ಅತ್ತಿ?"

"ಅವರೆಲ್ಲಿ ನಿಲ್ಲಸ್ತಾರ. ಅಳಕೋತನ ಕೆಳಗ ಇಳಿಸಿದ್ರು."