ಹರಳೆಣ್ಣೆ ಮತ್ತು ಡಾಕ್ಟರೇಟು

ಈಗ ಬಯೋಮೆಡಿಕಲ್ ಎಂಜಿನಿಯರಿಂಗ್ ಎಂದು ಕರೆಯುವ ವಿದ್ಯೆಗೆ ಅರವತ್ತರ ದಶಕದಲ್ಲಿ ನಮ್ಮ ಕಡೆ ಹೆಸರೇ ಇರಲಿಲ್ಲ. ಹೆಸರಿಲ್ಲದ ಆ ವಿದ್ಯೆಯಲ್ಲಿ ಡಾಕ್ಟರೇಟ್ ಮಾಡಲು ಹೊರಟವನು ನಾನು. ಏನೇನು ಮಾಡಿದರೆ ಪದವಿ ಕೊಡುತ್ತೀರಿ ಎಂದು ಕೇಳಿದರೆ ಬೆಂಗಳೂರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಎಂಜಿನಿಯರಿಂಗ್ ಪಾಠಗಳಲ್ಲಿ ಪಾಸಾಗಬೇಕು, ಮೆಡಿಕಲ್ ಹುಡುಗರ ಜೊತೆ ಕೂತು ದೇಹರಚನೆ ಓದಬೇಕು, ಜರ್ಮನ್ ಭಾಷೆಯ ಪರೀಕ್ಷೆ ಕೊಡಬೇಕು. ಆಮೇಲೆ ಹೊಸದೊಂದನ್ನು ಮಾಡಿ ತೋರಿಸಿ ಪ್ರಬಂಧ ಬರೆಯಬೇಕು, ಕೊನೆಗೆ ಪರೀಕ್ಷಕರ ಮುಂದೆ ನಿಂತು ಬೈಸಿಕೊಳ್ಳಬೇಕು. ಹೆಣ ಕುಯ್ಯುವ ಕೋಣೆಯಲ್ಲಿ ತಲೆ ಸುತ್ತಿ ಬಿದ್ದದ್ದೂ ಆಯಿತು, ಜರ್ಮನ್ ವ್ಯಾಕರಣ ಉರುಹೊಡೆದದ್ದೂ ಆಯಿತು. ಆ ಜರ್ಮನ್ ಯಾಕೆ ಬೇಕಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೆ ಮಾರ್ಗದರ್ಶಕರು ಇಬ್ಬರು. ಒಬ್ಬರು ಎಂಜಿನಿಯರಿಂಗ್ ಪ್ರೊಫೆಸರು, ಇನ್ನೊಬ್ಬರು ಆಸ್ಪತ್ರೆಯ ಹೃದಯದ ಡಾಕ್ಟರು. ನಾನು ಕಟ್ಟುತ್ತಿದ್ದುದು ಕರೆಂಟಿಲ್ಲದ ಊರಿನಲ್ಲೂ ಬ್ಯಾಟರಿಯಿಂದ ನಡೆದು, ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ. ಯಂತ್ರ ಚೆನ್ನಾಗಿದ್ದರೆ ಸಾಕು ಎಂದರು ಪ್ರೊಫೆಸರು. ಆಸ್ಪತ್ರೆಯ ಮುಖ ನೋಡದ ಗಟ್ಟಿ ಜನರ ಗೆರೆ ತರುವ ತನಕ ಸಹಿ ಹಾಕುವುದಿಲ್ಲ ಎಂದರು ಡಾಕ್ಟರು. ಪದವಿಗೆ ಇಬ್ಬರ ಸಹಿಯೂ ಬೇಕು. ಗಟ್ಟಿ ಜನ ಎಂದೊಡನೆ ನನಗೆ ನೆನಪಾದದ್ದು ಕೊಡಿಗೇನಹಳ್ಳಿ ಮಗ್ಗುಲಿನ ನಮ್ಮೂರು.

ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಳಗೇನು ಕೋಳಿಮರಿ ಇವೆಯೇ ಎಂದು ಕಂಡಕ್ಟರು ಕೇಳಿದ. ಅಲ್ಲ ಎಂದರೂ ನಂಬಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಊರಲ್ಲಿ ಕಡಲೆಕಾಯಿ ಹೊಲ ನೋಡಿಕೊಂಡು ಇದ್ದವಳು ಅವ್ವ. ಸುದ್ದಿ ಹರಡುವ ಕೆಲಸ ಅವಳದು. ಮಾರನೆಯ ಬೆಳಿಗ್ಗೆ ನಮ್ಮ ಜಗಲಿ ತುಂಬ ಜನ. ಎಲ್ಲರೂ ಮಡಿಸಿಟ್ಟಿದ್ದ ಬಟ್ಟೆ ಉಟ್ಟು, ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ಬಳಿದುಕೊಂಡು ಫಳಫಳ ಹೊಳೆಯುತ್ತಿದ್ದರು.

"ಮೈ ಮುಟ್ಟಿ ನೋಡ್ತಾನೆ ನನ್ ಮಗ, ಒಣಮೈಲಿ ಬಂದು ಮಾನ ಕಳೀಬ್ಯಾಡಿ ಅಂದಿದ್ದೆ ಕಣ್ಲಾ" ಎಂದಳು ಅವ್ವ ಹೆಮ್ಮೆಯಿಂದ.

ನಮ್ಮ ಕಡೆ ಹಾಗೆಯೇ. ಹೆಣ್ಣು ನೋಡಲು ಹೋಗಲಿ, ಕಚೇರಿಗೆ ಹೋಗಲಿ, ಮೈ ಬೂದಿ ಬಡಿದಂತೆ ಒಣಗಿದ್ದರೆ ಮನೆಯಲ್ಲಿ ಗತಿಯಿಲ್ಲ ಎಂದು ಅರ್ಥ. ಆದರೆ ನನ್ನ ಯಂತ್ರಕ್ಕೆ ಎಣ್ಣೆಯೇ ಶತ್ರು. ಉಪ್ಪುನೀರಿನ ಬಟ್ಟೆಯಿಟ್ಟು ಕೈಕಾಲಿಗೆ ಲೋಹದ ಪಟ್ಟಿ ಕಟ್ಟಬೇಕು, ಹೃದಯದ ಸಣ್ಣ ವಿದ್ಯುತ್ತು ಚರ್ಮದಿಂದ ಪಟ್ಟಿಗೆ ಬರಬೇಕು. ಎಣ್ಣೆಯ ಮೈಯಲ್ಲಿ ಪಟ್ಟಿಗಳು ಜಾರಿದವು, ಕಾಗದದ ಮೇಲೆ ಗೆರೆ ಹುಚ್ಚುಹುಚ್ಚಾಗಿ ಓಡಿತು. ಎಲ್ಲರೂ ಸೀಗೆಪುಡಿ ಹಾಕಿ ತೊಳೆದುಕೊಂಡು ಬನ್ನಿ ಎಂದೆ.

"ಹಚ್ಚಿರೋ ಎಣ್ಣೇನ ತೊಳ್ಸಾಕೆ ಬೆಂಗ್ಳೂರ್‌ಗೋಗಿ ಓದ್ಬೇಕಾಗಿತ್ತೇನ್ಲಾ?" ಎಂದು ಯಜಮಾನರೊಬ್ಬರು ಗೊಣಗುತ್ತಲೇ ಎದ್ದರು. ಪಾವಗಡದ ಕಡೆಯಿಂದ ಮಗಳ ಮನೆಗೆ ಬಂದಿದ್ದ ಮುದುಕರೊಬ್ಬರು "ನಾಕೇಮೂ ಲೇದು ನಾಯನಾ" ಎಂದು, ತಮಗೆ ಯಾವ ಕಾಯಿಲೆಯೂ ಇಲ್ಲವೆಂದು ತೆಲುಗಿನಲ್ಲಿ ಸಾರುತ್ತಲೇ ಇದ್ದರು. ಕಾಯಿಲೆ ಇಲ್ಲದವರೇ ಬೇಕು ಎಂದರೆ ಅವರಿಗೆ ಅರ್ಥವಾಗಲಿಲ್ಲ. ನನಗೂ ಅದನ್ನು ವಿವರಿಸಲು ಬರಲಿಲ್ಲ.

ತೊಳೆದ ಮೇಲೆ ಎಲ್ಲರ ಗೆರೆಯೂ ಅಚ್ಚುಕಟ್ಟಾಗಿ ಬಂತು, ಅವ್ವನದೊಂದು ಬಿಟ್ಟು. ಅವಳ ಬಡಿತಗಳು ಒಂದು ಹತ್ತಿರ, ಒಂದು ದೂರ, ಲೆಕ್ಕವೇ ಇಲ್ಲದಂತೆ ಬಿದ್ದಿದ್ದವು. ಮತ್ತೆ ತೊಳೆಸಿದೆ, ಮತ್ತೆ ಕಟ್ಟಿದೆ. ಅದೇ ಗೆರೆ.

"ನಂದೇ ತಪ್ಪು ಬುಡು. ನಿನ್ ಪರೀಕ್ಷೆ ಅಂತ ನೆನ್ನೆ ಸಂಜೆಯಿಂದ್ಲೇ ತಿಕ್ಕಂಬುಟ್ಟಿದ್ದೆ. ಒಳಕ್ಕೇ ಇಳಿದ್ಬುಟ್ಟೈತೆ" ಎಂದು ಅವ್ವ ಮುಖ ಸಣ್ಣದು ಮಾಡಿಕೊಂಡಳು.

ಬೆಂಗಳೂರಿನಲ್ಲಿ ಪ್ರೊಫೆಸರು ಆ ಕಾಗದ ನೋಡಿ, ಪಟ್ಟಿ ಜಾರಿ ಯಂತ್ರ ಬಡಿತಗಳನ್ನು ತಪ್ಪಿಸಿದೆ, ಹೀಗಾದರೆ ಯಂತ್ರವನ್ನು ಮತ್ತೆ ಕಟ್ಟಬೇಕಾಗುತ್ತದೆ ಎಂದರು. ಡಾಕ್ಟರು ಅದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇವರಿಗೆ ನಡೆದರೆ ಏದುಸಿರು ಬರುತ್ತದೆಯೇ?" ಎಂದು ಕೇಳಿದರು.

ಅವ್ವ ಬಾವಿಯಿಂದ ಬರುವಾಗ ದಾರಿಯ ಕಲ್ಲಿನ ಮೇಲೆ ಕೂರುತ್ತಿದ್ದಳು. ಮಾತಿನ ಚಟಕ್ಕೆ ಕೂರುತ್ತಾಳೆ ಎಂದು ಊರೆಲ್ಲ ತಮಾಷೆ ಮಾಡುತ್ತಿತ್ತು. ಅದನ್ನು ಹೇಳಿದೆ. ಕರೆದುಕೊಂಡು ಬನ್ನಿ ಎಂದರು.

ಆ ದಿನಗಳ ಗೊಂದಲ ಯಾವ ಶತ್ರುವಿಗೂ ಬೇಡ. ಯಂತ್ರ ಸರಿಯಾಗಿದ್ದರೆ ಅವ್ವನ ಎದೆಯಲ್ಲಿ ರೋಗವಿದೆ. ಅವ್ವ ಗಟ್ಟಿಯಾಗಿದ್ದರೆ ನನ್ನ ಯಂತ್ರ ಕೆಟ್ಟದ್ದು, ಅಷ್ಟು ವರ್ಷದ ಓದು ನೀರುಪಾಲು. ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕು? ಅವ್ವನೇ ಗಟ್ಟಿಯಾಗಿರಲಿ ಎಂದುಕೊಳ್ಳುತ್ತಿದ್ದೆ, ಮರುಗಳಿಗೆಗೆ ಯಂತ್ರದ ತಿರುಪುಗಳನ್ನು ಇನ್ನೊಮ್ಮೆ ಬಿಗಿ ಮಾಡುತ್ತಿದ್ದೆ.

ಅವ್ವ ಬಂದಳು. ಮೈಗೆ ಎಣ್ಣೆಯ ಸೋಂಕೂ ಇರಲಿಲ್ಲ. ಮೊಣಕೈಗಳು ಬೆಳ್ಳಗೆ ಬಿರಿದಿದ್ದವು. ಆಸ್ಪತ್ರೆಯ ಜನರ ಮುಂದೆ ನಾಚಿಕೆಯಾಗಿ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು.

ಆಸ್ಪತ್ರೆಯ ದೊಡ್ಡ ಯಂತ್ರವೂ ಅದೇ ಗೆರೆ ಬರೆಯಿತು. ಒಂದು ಹತ್ತಿರ, ಒಂದು ದೂರ. ಪ್ರೊಫೆಸರು ನನ್ನ ಕೈ ಕುಲುಕಿ, ಎಣ್ಣೆಯ ನಡುವೆಯೂ ನಿಮ್ಮ ಯಂತ್ರ ನಿಜವನ್ನೇ ಬರೆದಿದೆ, ಇನ್ನೇನು ಬೇಕು ಎಂದರು. ಡಾಕ್ಟರು ಅವ್ವನಿಗೆ ಮಾತ್ರೆ ಬರೆದುಕೊಟ್ಟರು, ಹೊಲದ ಕೆಲಸ ಇನ್ನು ಸಾಕು ಎಂದರು, ಅದೇ ಪೆನ್ನಿನಿಂದ ನನ್ನ ಪದವಿಯ ಕಾಗದಕ್ಕೂ ಸಹಿ ಹಾಕಿದರು. ಯಾವ ಮುಖ ಹೊತ್ತುಕೊಂಡು ಹೊರಗೆ ಹೋಗಬೇಕೋ ನನಗೆ ತಿಳಿಯಲಿಲ್ಲ.

ಅವ್ವ ಬೆಂಚಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು.

"ಈ ಸಲ ಒಂದು ತೊಟ್ಟೂ ಎಣ್ಣೆ ಮುಟ್ಟಿರ್ಲಿಲ್ಲ ಕಣ್ಲಾ. ಗೆರೆ ಸರಿಯಾಗಿ ಬಂತಾ?"

"ಬಂತು ಕಣವ್ವ."

"ಅಂಗಾರೆ ನಿಂಗೆ ಕೊಡ್ತಾರಾ?"

"ಕೊಡ್ತಾರೆ."

ಅವಳು ಆಗ ಸೆರಗಿನಿಂದ ಕೈ ಹೊರತೆಗೆದು, ಆ ಒರಟು ಅಂಗೈಯಿಂದ ನನ್ನ ಕೆನ್ನೆ ಸವರಿದಳು.

"ಮತ್ಯಾಕ್ಲಾ ಅಳ್ತೀಯ?" ಎಂದಳು.